ಧೂಳು ಹಿಡಿದ ಕಡತವೂ ಮಾತಾಡುತ್ತದೆ

(ಸ್ತ್ರೀಶಕ್ತಿ ಗುಂಪುಗಳ ಸಮಾವೇಶದಲ್ಲಿ ಮಾಡಿದ ಭಾಷಣ)



‘ಹಳೇ ಕೇಸು, ಮುಗಿದ ಕತೆ’ ಎಂಬ ಮಾತನ್ನು ನಮ್ಮಲ್ಲಿ ಅನೇಕರು ಕೇಳಿದ್ದೀರಿ. ಆ ಮಾತು ಸುಳ್ಳೆಂದು ತೋರಿಸಿದ ಒಂದು ಸಂಗತಿ ಹೇಳುತ್ತೇನೆ. ನಡೆದದ್ದು ದೂರದ ಅಮೆರಿಕದಲ್ಲಾದರೂ ಪಾಠ ನಮಗೂ ಬೇಕಾದದ್ದು.

ಮಿಶಿಗನ್ ರಾಜ್ಯದ ನೈಲ್ಸ್ ಎಂಬ ಊರು. 1987ರ ಫೆಬ್ರವರಿಯ ಒಂದು ರಾತ್ರಿ ಮಹಿಳೆಯೊಬ್ಬಳು ತನ್ನ ಮನೆಯಲ್ಲೇ ಕೊಲೆಯಾದಳು. ಹೆಣವನ್ನು ಮೊದಲು ಕಂಡವನು ಗಂಡ. ಪೊಲೀಸರು ಹೇಳಿಕೆ ಬರೆದುಕೊಂಡರು, ಕೊಲೆಗಾರನ ಗುರುತುಗಳನ್ನು ಎತ್ತಿಟ್ಟರು. ಆಳು ಮಾತ್ರ ಸಿಗಲಿಲ್ಲ. ವರ್ಷಗಟ್ಟಲೆ ಗಂಡನ ಮೇಲೇ ಅನುಮಾನ ಉಳಿಯಿತು.

ಅದೇ ರಾಜ್ಯದ ವೆಸ್ಟರ್ನ್ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಆಶ್ಲಿನ್ ಕರ್ಸ್ಟನ್ ಎಂಬ ಪ್ರಾಧ್ಯಾಪಕಿ ರಾಜ್ಯ ಪೊಲೀಸರ ಜೊತೆ ಸೇರಿ ಒಂದು ಏರ್ಪಾಡು ಮಾಡಿದರು. ಪತ್ತೆಯಾಗದ ಹಳೆಯ ಕೊಲೆಗಳ ಕಡತಗಳು ವಿದ್ಯಾರ್ಥಿಗಳ ಕೈಗೆ ಬಂದವು. ಸಾವಿರಾರು ಪುಟಗಳನ್ನು ಓದುವುದು, ಕಂಪ್ಯೂಟರಿಗೆ ಏರಿಸುವುದು, ಯಾರು ಯಾವತ್ತು ಏನು ಹೇಳಿದರೆಂದು ಸಾಲಾಗಿ ಜೋಡಿಸುವುದು ಅವರ ಕೆಲಸ. ಅಕ್ಕಿ ಆರಿಸಿದ ಹಾಗೆ! ದಿನದಿನದ ಕೇಸುಗಳಲ್ಲಿ ಮುಳುಗಿದ ಪೊಲೀಸರಿಗೆ ಇದಕ್ಕೆ ಪುರುಸೊತ್ತೆಲ್ಲಿ?

ಕಡತ ಹೀಗೆ ಒಪ್ಪವಾಯಿತು. ಎತ್ತಿಟ್ಟಿದ್ದ ಡಿಎನ್‌ಎ ಗುರುತಿನಿಂದ ತಜ್ಞರು ರಕ್ತಸಂಬಂಧಿಕರ ವಂಶಾವಳಿ ಹಿಡಿದು ಒಬ್ಬ ಮುದುಕನನ್ನು ತಲುಪಿದರು. ಅವನು ಸೇದಿ ಎಸೆದ ಸಿಗರೇಟಿನ ತುಂಡು ತಾಳೆಯಾಯಿತು. 35 ವರ್ಷಗಳ ಮೇಲೆ, 2022ರಲ್ಲಿ, ಬಂಧನವಾಗಿ ಅದೇ ವರ್ಷ ಕನಿಷ್ಠ 23 ವರ್ಷಗಳ ಸಜೆಯಾಯಿತು. ಅವನು ಗಂಡನಲ್ಲ, ಹೊರಗಿನವನು. ನಾವು ಗಂಡಸರನ್ನು ಸುಮ್ಮನೆ ದೂರುತ್ತೇವೆಂದು ಹಂಗಿಸುವವರಿಗೆ ಇದನ್ನು ಹೇಳಿ: ನಮಗೆ ಬೇಕಾದದ್ದು ಸತ್ಯ. ಸತ್ಯಕ್ಕೆ ಬೇಕಾದದ್ದು ಸಾಕ್ಷಿ.

ಇನ್ನು ನನ್ನದೇ ತಪ್ಪೊಂದನ್ನು ಹೇಳಬೇಕು. 1994ರಲ್ಲಿ, ಬಿ.ಎ. ಓದನ್ನು ಅರ್ಧಕ್ಕೆ ಬಿಡಿಸಿ ಮದುವೆ ಮಾಡಿದ್ದ ನನ್ನ ವಿದ್ಯಾರ್ಥಿನಿಯಿಂದ ಒಂದು ಇನ್‌ಲೆಂಡ್ ಪತ್ರ ಬಂತು. ಸ್ಕೂಟರಿನ ಹಣ ತಾ ಎಂದು ಹೊಡೆಯುತ್ತಾರೆಂದು ಬರೆದಿದ್ದಳು. ‘ಸ್ವಲ್ಪ ತಾಳಿಕೋ ಮಗಳೇ’ ಎಂದು ಉತ್ತರಿಸಿದೆ. ಎರಡು ತಿಂಗಳಲ್ಲಿ ‘ಸ್ಟೋವ್ ಸಿಡಿದು’ ಸತ್ತಳು. ಅವಳ ತಾಯಿ ಮರ್ಯಾದೆಗೆ ಅಂಜಿ ಮಗಳ ಪತ್ರಗಳನ್ನೆಲ್ಲ ಒಲೆಗೆ ಹಾಕಿದ್ದರು. ನನ್ನ ಪತ್ರವನ್ನಾದರೂ ಕೊಡೋಣವೆಂದು ಹುಡುಕಿದೆ, ಸಿಗಲಿಲ್ಲ. ಎಂ.ಎ. ಓದಿದವಳು ನಾನು! ಕೇಸು ಆಕಸ್ಮಿಕವೆಂದು ಮುಚ್ಚಿಹೋಯಿತು.

ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ಸತ್ತು, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಗಂಡ ಅಥವಾ ಅವನ ಕಡೆಯವರು ಪೀಡಿಸಿದ್ದು ಕಂಡುಬಂದರೆ ಅದು ವರದಕ್ಷಿಣೆ ಸಾವು. ಹಿಂದೆ ಇದು ಭಾರತೀಯ ದಂಡ ಸಂಹಿತೆಯ 304-ಬಿ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂ. ‘ಸ್ವಲ್ಪ ಮುಂಚೆ ಪೀಡಿಸಿದರು’ ಎನ್ನಲು ಆ ಒಂದು ಪತ್ರಕ್ಕೆ ಎಷ್ಟು ಬೆಲೆಯಿತ್ತೆಂದು ಯೋಚಿಸಿ.

ನಮ್ಮ ಕಾಲೇಜುಗಳ ಮಕ್ಕಳೂ ಪೊಲೀಸರ ಜೊತೆ ಕೂತು ಹಳೆಯ ಕಡತ ಓದಲಿ ಎಂದು ಒತ್ತಾಯಿಸೋಣ. ಆದರೆ ಓದಲು ಕಡತದಲ್ಲಿ ಏನಾದರೂ ಇರಬೇಕಲ್ಲವೆ?

ವಾರದ ಉಳಿತಾಯವನ್ನು ಪೈಸೆ ಬಿಡದೆ ಬರೆಯುವವರು ನೀವು. ಅದೇ ಕೈಯಿಂದ ಇದನ್ನೂ ಮಾಡಿ. ಮದುವೆಯಲ್ಲಿ ಕೊಟ್ಟದ್ದನ್ನು ಪಟ್ಟಿ ಮಾಡಿ ಸಹಿ ಹಾಕಿಸಿ. ಅಂಥ ಪಟ್ಟಿ ಇರಬೇಕೆಂದು 1985ರ ನಿಯಮವೇ ಹೇಳುತ್ತದೆ. ಪತ್ರವಿರಲಿ, ಫೋನಿನ ಸಂದೇಶವಿರಲಿ, ಅಳಿಸಬೇಡಿ. ಪೆಟ್ಟು ಬಿದ್ದರೆ ಆಸ್ಪತ್ರೆಗೆ ಹೋಗಿ, ಕಾರಣ ಹೇಳಿ, ಚೀಟಿ ಜೋಪಾನ ಮಾಡಿ. ದೂರು ಕೊಟ್ಟರೆ ಎಫ್.ಐ.ಆರ್. ಪ್ರತಿ ಕೇಳಿ ಪಡೆಯಿರಿ; ಅದಕ್ಕೆ ದುಡ್ಡು ಕೊಡಬೇಕಿಲ್ಲ. ಒಂದೊಂದು ಪ್ರತಿ ಸಂಘದ ಪೆಟ್ಟಿಗೆಯಲ್ಲಿರಲಿ.

ಮುಖ್ಯವಾಗಿ, ಹುಡುಗಿಯೊಬ್ಬಳು ಕಷ್ಟ ಹೇಳಿಕೊಂಡಾಗ ‘ತಾಳಿಕೋ’ ಎನ್ನಬೇಡಿ. ಅವಳ ಮಾತನ್ನು ದಿನಾಂಕ ಹಾಕಿ ಬರೆದಿಡಿ, ಆಮೇಲೆ ಅವಳ ಜೊತೆ ಹೊರಡಿ. ಅವಳು ಬದುಕಿರುವಾಗಲೇ ಆ ಕಾಗದ ಕೆಲಸಕ್ಕೆ ಬರಲಿ.