ಮರದೊಡನೆ ಬಂದ ಮಣ್ಣು

ಪರಊರಿನಿಂದ ಬಂದು ನೆಲೆಸಿದವನನ್ನು ನಾವು ಮೊದಲು ಮುಖದಿಂದ ಗುರುತಿಸುತ್ತೇವೆ. ಅವನೊಡನೆ ಬಂದ ನುಡಿ, ನಡೆ, ನಂಬಿಕೆಗಳು ತಡವಾಗಿ ಕಾಣುತ್ತವೆ. ಮರಗಳ ವಲಸೆಯೂ ಹೀಗೆಯೇ. ಮರ ಕಣ್ಣಿಗೆ ಬೀಳುತ್ತದೆ. ಅದರ ಬೇರಿಗೆ ಅಂಟಿಕೊಂಡು ಬಂದ ಜೊತೆಗಾರ ಮಣ್ಣಿನೊಳಗೇ ಉಳಿಯುತ್ತಾನೆ.

ಬಹುಪಾಲು ಗಿಡಮರಗಳ ಬೇರುಗಳಲ್ಲಿ ಶಿಲೀಂಧ್ರಗಳು ವಾಸಿಸುತ್ತವೆ. ಅವು ನೂಲಿಗಿಂತ ನವಿರಾದ ಎಳೆಗಳನ್ನು ಚಾಚಿ, ಬೇರಿಗೆ ಎಟುಕದ ರಂಜಕವನ್ನೂ ನೀರನ್ನೂ ತಂದುಕೊಡುತ್ತವೆ. ಪ್ರತಿಯಾಗಿ ಎಲೆಗಳು ಮಾಡಿದ ಸಕ್ಕರೆಯನ್ನು ಪಡೆಯುತ್ತವೆ. 1885ರಲ್ಲಿ ಜರ್ಮನಿಯ ವಿಜ್ಞಾನಿ ಫ್ರಾಂಕ್, ಗ್ರೀಕ್ ಭಾಷೆಯ ಅಣಬೆ ಮತ್ತು ಬೇರು ಎಂಬ ಪದಗಳನ್ನು ಕೂಡಿಸಿ ಇದನ್ನು ‘ಮೈಕೊರೈಜ’ ಎಂದು ಕರೆದನು. ಕನ್ನಡದ ಮೇಷ್ಟರಾಗಿದ್ದ ನಾನು ‘ಬೇರಣಬೆ’ ಎಂದರೆ ವಿಜ್ಞಾನಿಗಳು ಮುನಿಯಲಾರರೆಂದು ನಂಬಿದ್ದೇನೆ.

ಈ ಬೇರಣಬೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಬೇರಿನ ಕಣಗಳೊಳಗೆ ಹೊಕ್ಕು ಬಾಳುವಂಥದು. ಅದು ಎಲ್ಲ ನಾಡುಗಳಲ್ಲೂ ಉಂಟು, ಯಾರೊಡನೆಯೂ ಹೊಂದಿಕೊಳ್ಳುತ್ತದೆ. ಹಂಪೆಯ ಗುಡಿಗಳ ಅಂಗಳದ ದೇವಕಣಗಿಲೆ ಅಮೆರಿಕ ಖಂಡದ್ದು, ನಮ್ಮ ಹುಣಿಸೆ ಆಫ್ರಿಕದ್ದು, ಕಂಪ್ಲಿಯ ಹೊಲಗಳ ಮೆಣಸಿನಕಾಯಿಯೂ ಕಡಲಾಚೆಯಿಂದ ಬಂದದ್ದು. ಇವು ಇಲ್ಲಿಯ ಮಣ್ಣಿನಲ್ಲೇ ನೆಂಟರನ್ನು ಕಂಡುಕೊಂಡವು. ಇನ್ನೊಂದು ಬಗೆ ಬೇರಿನ ತುದಿಗೆ ಕವಚದಂತೆ ಸುತ್ತಿಕೊಳ್ಳುವಂಥದು. ಅದರ ನೆಂಟಸ್ತನ ಕೆಲವೇ ಮರಗಳೊಡನೆ.

ಇಂಥ ಹಟದ ಮರ ಪೈನ್. ಕೆರಿಬಿಯನ್ ಸಮುದ್ರದ ಪೋರ್ಟೊರಿಕೊ ದ್ವೀಪದಲ್ಲಿ 1930ರ ದಶಕದಿಂದ ನೆಟ್ಟ ಪೈನ್ ಸಸಿಗಳು ಹಳದಿಯಾಗಿ ಸೊರಗಿದವು. 1955ರಲ್ಲಿ ಅಮೆರಿಕದ ಉತ್ತರ ಕ್ಯಾರೊಲೈನದ ಪೈನ್ ಕಾಡಿನ ಮಣ್ಣನ್ನು ತಂದು ಬೇರಿಗೆ ಹಾಕಿದ ಮೇಲೆ ಸಸಿಗಳು ಚೇತರಿಸಿಕೊಂಡವು. ಬೀಜದೊಳಗೆ ಬಾರದ ಬೇರಣಬೆ ಮಣ್ಣಿನೊಡನೆ ಬಂದಿತ್ತು.

ನಮ್ಮಲ್ಲಿ ಇದರ ಹತ್ತಿರದ ನಿದರ್ಶನ ನೀಲಗಿರಿ ಮರ. ಹೆಸರು ನಮ್ಮ ಬೆಟ್ಟದ್ದು, ತವರು ಆಸ್ಟ್ರೇಲಿಯ! ಸುಮಾರು 1790ರಲ್ಲಿ ನಂದಿಬೆಟ್ಟದ ಟಿಪ್ಪುವಿನ ತೋಟಕ್ಕೆ ಇದು ಮೊದಲು ಬಂತೆನ್ನುತ್ತಾರೆ. ನೀಲಗಿರಿ ತೋಪುಗಳ ನೆಲದಲ್ಲಿ ಮಳೆಯ ನಂತರ ಕಂದು ಪುಡಿ ತುಂಬಿದ ಗಡ್ಡೆಯಂಥ ಅಣಬೆ ಏಳುವುದುಂಟು. ಅದು ಪೈಸೋಲಿಥಸ್ ಜಾತಿಯದು. ಆಸ್ಟ್ರೇಲಿಯದ ಇದರ ಪ್ರಭೇದಗಳು ನೀಲಗಿರಿ ಮರವನ್ನು ಹಿಂಬಾಲಿಸಿ ಹಲವು ನಾಡುಗಳನ್ನು ಸೇರಿವೆ. ನಮ್ಮದೇ ಪಶ್ಚಿಮಘಟ್ಟದ ಧೂಪದ ಮರಕ್ಕೂ ಅದೇ ಕುಲದ ದೇಶೀಯ ಜೊತೆಗಾರನೊಬ್ಬನಿದ್ದಾನೆ. 2005ರಲ್ಲಿ ವಿಜ್ಞಾನಿಗಳು ಅವನಿಗೆ ‘ಪೈಸೋಲಿಥಸ್ ಇಂಡಿಕಸ್’ ಎಂದು ನಾಮಕರಣ ಮಾಡಿದರು.

ಬಂದ ಅತಿಥಿ ತನ್ನ ಮರದ ನೆರಳಲ್ಲೇ ಇರುತ್ತಾನೆಂಬ ಭರವಸೆಯೂ ಇಲ್ಲ. ಯುರೋಪಿನ ಮಾರಕ ಅಣಬೆ ಅಮನೀಟ ಫ್ಯಾಲಾಯ್ಡಿಸ್ ಕ್ಯಾಲಿಫೋರ್ನಿಯವನ್ನು ಸೇರಿ, ಅಲ್ಲಿಯ ಕಾಡಿನ ಓಕ್ ಮರಗಳೊಡನೆಯೇ ಸಂಬಂಧ ಬೆಳೆಸಿದೆ. ತಿಳಿಯದೆ ತಿಂದವರು ಪ್ರಾಣ ಕಳೆದುಕೊಂಡಿದ್ದಾರೆ.

ಹೊಸಪೇಟೆಯಲ್ಲಿ ಕುಳಿತು ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆ? ಪಕ್ಕದ ಸಂಡೂರಿನ ಬೆಟ್ಟಗಳಿಗಾಗಿ. ಕಬ್ಬಿಣದ ಅದಿರಿಗೆಂದು ಆ ಬೆಟ್ಟಗಳನ್ನು ಅಗೆದೆವು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದು, ಬಳಿಕ ಗಣಿಗಳಿಗೆ ಪುನಶ್ಚೇತನ ಯೋಜನೆಯನ್ನು ಕಡ್ಡಾಯಗೊಳಿಸಿತು. ಸಸಿ ನೆಡುವುದು ಆ ಕೆಲಸದ ಕಾಣುವ ಭಾಗ. ಆದರೆ ಗಣಿ ತೆರೆಯುವಾಗ ಕೆರೆದು ತೆಗೆದ ಮೇಲ್ಮಣ್ಣನ್ನು ವರ್ಷಗಟ್ಟಲೆ ರಾಶಿ ಹಾಕಿಟ್ಟರೆ ಅದರೊಳಗಿನ ಬೇರಣಬೆಗಳು ಕ್ಷೀಣಿಸುತ್ತವೆ. ಆಮೇಲೆ ಬರಡು ಗುಡ್ಡೆಯ ಮೇಲೆ ನೆಟ್ಟ ಬೇವು, ಹೊಂಗೆ, ದಿಂಡಿಗಗಳು ನೆಂಟರಿಲ್ಲದ ಊರಿಗೆ ಬಂದ ಅನಾಥರಾಗುತ್ತವೆ. ಹೊರಗಿನ ಮಣ್ಣನ್ನು ತಂದು ಸುರಿದರೂ ಅದರೊಡನೆ ಯಾರು ಬಂದರೆಂದು ತಿಳಿಯುವುದಿಲ್ಲ.

ಆದ್ದರಿಂದ ಆ ಬೆಟ್ಟದ ಮಣ್ಣು ಆ ಬೆಟ್ಟಕ್ಕೇ, ಜೀವ ಆರುವ ಮೊದಲೇ, ಮರಳಬೇಕು. ಅಲ್ಲಿಯ ಕಾಡಿನಡಿಯ ಹಿಡಿ ಮಣ್ಣು ಅಲ್ಲಿಯ ಸಸಿಯ ಪಾತಿಗೆ ಬೀಳಬೇಕು. ಇದಕ್ಕೆ ಬೇಕಾದದ್ದು ಹೆಚ್ಚಿನ ಹಣವಲ್ಲ; ಅಗೆಯುವ ಮುನ್ನ ಯೋಚಿಸುವ ತಾಳ್ಮೆ.