ಹಳೆಯ ಸ್ಪೋರ್ಟ್ಸ್ ಕಾರು ಮತ್ತು ಅದರ ವಿಮೆ

ಹಳೆಯ ಸ್ಪೋರ್ಟ್ಸ್ ಕಾರನ್ನು ಕಂಡಾಗ ನಾವು ಮೊದಲು ಮೆಚ್ಚುವುದು ಅದರ ಮೈಬಣ್ಣವನ್ನು. ಸ್ಯಾನ್ ಸ್ಟಾರ್ಮ್ ಎಂಬ ಎರಡಾಸನದ ಪುಟ್ಟ ಗಾಡಿಯನ್ನೇ ತೆಗೆದುಕೊಳ್ಳೋಣ. 1990ರ ದಶಕದ ಕೊನೆಗೆ ನಮ್ಮ ದೇಶದಲ್ಲಿಯೇ ತಯಾರಾದ ಇದಕ್ಕೆ ರೆನೊ ಎಂಜಿನು, ಫೈಬರ್‌ಗ್ಲಾಸಿನ ಮೈ. ತುಕ್ಕು ಹಿಡಿಯದ ಮೈಯೆಂದು ಹಿಗ್ಗುವವರುಂಟು. ಒಳಗಿನ ಲೋಹದ ಚೌಕಟ್ಟಿಗೆ ಆ ವರವಿಲ್ಲ. ಗಾಡಿಯನ್ನು ಎತ್ತಿಸಿ, ಅಡಿಯಲ್ಲಿ ದೀಪ ಹಿಡಿದು ನೋಡುವುದೇ ಲೇಸು.

ಇನ್ನು ವಿಮೆಯ ಮಾತು. 1988ರ ಮೋಟಾರು ವಾಹನ ಕಾಯಿದೆಯಂತೆ, ಗಾಡಿ ಕೈಬದಲಾದೊಡನೆ ಪರರಿಗೆ ಒದಗುವ ಹಾನಿಯ ವಿಮೆ ಕೊಂಡವರಿಗೆ ತಾನಾಗಿ ವರ್ಗವಾಗುತ್ತದೆ. ಸ್ವಂತ ಗಾಡಿಗೆ ತಗಲುವ ನಷ್ಟದ ವಿಮೆ ಹಾಗಲ್ಲ. 14 ದಿನಗಳೊಳಗೆ ಹೆಸರು ಬದಲಾವಣೆಗೆ ಅರ್ಜಿ ಸಲ್ಲಿಸದೆ, ಆಮೇಲೆ ಗೋಡೆಗೆ ಗುದ್ದಿದರೆ, ದುರಸ್ತಿಯ ಹಣ ದೊರೆಯುವುದು ದುಸ್ತರ. ಮಾರಿದವರ ‘ನೋ ಕ್ಲೇಮ್ ಬೋನಸ್’ ಅಂತೂ ಅವರೊಡನೆಯೇ ಹೊರಟುಹೋಗುತ್ತದೆ.

ಐದು ವರ್ಷ ಮೀರಿದ ಗಾಡಿಗೆ ಬೆಲೆಯ ಪಟ್ಟಿಯಿಲ್ಲ. ಕಂಪೆನಿಯೂ ನಾವೂ ಒಪ್ಪಿದ್ದೇ ಬೆಲೆ. ಪ್ರೀಮಿಯಂ ಉಳಿಸುವ ಆಸೆಯಿಂದ ಅದನ್ನು ಕುಗ್ಗಿಸುವುದು ತರವಲ್ಲ. ಗಾಡಿ ಕಳುವಾದರೆ ಕೈಗೆ ಬರುವುದು ಅದಕ್ಕಿಂತ ಹೆಚ್ಚಿಲ್ಲ. ಬಿಡಿಭಾಗಗಳ ಲೆಕ್ಕದಲ್ಲಿ ರಬ್ಬರು, ಪ್ಲಾಸ್ಟಿಕ್ಕುಗಳಿಗೆ ಶೇಕಡಾ 50, ಫೈಬರ್‌ಗ್ಲಾಸಿಗೆ ಶೇಕಡಾ 30 ಸವಕಳಿ ಕಳೆಯುವುದು ಸಾಮಾನ್ಯ ವಿಮಾಪತ್ರದ ನಿಯಮ. ಸ್ಟಾರ್ಮಿನ ಒಡೆದ ಮೈಯನ್ನು ಹೊಸದಾಗಿ ಹಾಕಿಸಿದರೆ, ಆ ಭಾಗದ ಬೆಲೆಯಲ್ಲಿ ನೂರಕ್ಕೆ ಮೂವತ್ತು ರೂಪಾಯಿ ನಾವೇ ತೆರತಕ್ಕದ್ದು.