ಹಳೆಯ ಉಪಕರಣ, ಹೊಸ ಉಪಯೋಗ

ಬಟ್ಟೆ ಹೊಲಿಯುವ ಸೂಜಿಯಿಂದಲೇ ನಮ್ಮ ಹಿರಿಯರು ಕಾಲಿನ ಮುಳ್ಳನ್ನೂ ತೆಗೆಯುತ್ತಿದ್ದರು. ಹಾಗೆ ತೆಗೆದಮಾತ್ರಕ್ಕೆ ಅದು ಹೊಸ ಸೂಜಿಯಾಯಿತೆ? ಯಾರಾದರೊಬ್ಬರು 'ಮುಳ್ಳು ತೆಗೆಯುವುದಕ್ಕೆ ಸೂಜಿ' ಎಂದು ಬರೆದುಕೊಂಡು ಪೇಟೆಂಟು ಕಛೇರಿಗೆ ಹೋದರೆ ಅವರಿಗೆ 20 ವರ್ಷಗಳ ಏಕಸ್ವಾಮ್ಯ ಸಲ್ಲಬೇಕೆ? ನಗೆ ಬರಿಸುವ ಪ್ರಶ್ನೆಯೆಂದು ತೋರಬಹುದು. ವೈದ್ಯರ ಉಪಕರಣಗಳ ವಿಷಯದಲ್ಲಿ ಮಾತ್ರ ಇದು ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆ.

'ತೆಗೆಯುವುದಕ್ಕೆ' ಎಂಬಲ್ಲಿರುವುದು ಚತುರ್ಥೀ ವಿಭಕ್ತಿ. ಅದು ಉದ್ದೇಶವನ್ನು ಹೇಳುತ್ತದೆಯೇ ಹೊರತು ವಸ್ತುವಿನ ರಚನೆಯನ್ನು ಹೇಳುವುದಿಲ್ಲ. ನ್ಯಾಯಾಲಯಗಳೂ ಬಹುಮಟ್ಟಿಗೆ ಹೀಗೆಯೇ ಅರ್ಥಮಾಡುತ್ತವೆ. ಅಮೆರಿಕದಲ್ಲಿ ಒಬ್ಬರು ಜೋಳದ ಅರಳನ್ನು ಸ್ವಲ್ಪಸ್ವಲ್ಪವಾಗಿ ಸುರಿಯುವುದಕ್ಕೆಂದು ಶಂಕುವಿನಾಕಾರದ ಮುಚ್ಚಳವೊಂದಕ್ಕೆ ಪೇಟೆಂಟು ಕೇಳಿದರು. ಅಂಥದೇ ಆಕಾರದ ಎಣ್ಣೆಡಬ್ಬಿಯ ಮೂತಿಯೊಂದು ಹಿಂದೆಯೇ ಸ್ವಿಟ್ಜರ್ಲೆಂಡಿನ ಪೇಟೆಂಟಿನಲ್ಲಿತ್ತು. ಹಳೆಯ ವಸ್ತುವಿಗೆ ಹೊಸ ಉದ್ದೇಶ ಹೇಳಿದಮಾತ್ರಕ್ಕೆ ಅದು ಹೊಸದಾಗದೆಂದು 1997ರಲ್ಲಿ ನ್ಯಾಯಾಲಯ ತೀರ್ಪಿತ್ತಿತು.

ಹಾಗೆಂದು ಉದ್ದೇಶಕ್ಕೆ ಬೆಲೆಯೇ ಇಲ್ಲವೆಂದಲ್ಲ. 'ಕ್ರೇನಿನ ಕೊಕ್ಕೆ' ಎಂದರೆ ಭಾರ ತಡೆಯುವ ಗಾತ್ರವೂ ಬಲವೂ ಆ ಮಾತಿನಲ್ಲೇ ಅಡಗಿವೆ. ಮೀನಿನ ಗಾಳ ಅದಕ್ಕೆ ಎದುರಾಗಲಾರದು. ಉದ್ದೇಶವು ರಚನೆಯನ್ನು ಬದಲಿಸಿದರೆ ಮಾತ್ರ ಅದಕ್ಕೆ ಮನ್ನಣೆ. ಐರೋಪ್ಯ ಕಾನೂನು ತಿಳಿದ ಔಷಧದ ಹೊಸ ಚಿಕಿತ್ಸೋಪಯೋಗಕ್ಕೆ ವಿಶೇಷ ರಿಯಾಯಿತಿ ತೋರಿದೆ. ಉಪಕರಣಗಳಿಗೆ ಆ ರಿಯಾಯಿತಿಯಿಲ್ಲ.

ನಮ್ಮ 1970ರ ಪೇಟೆಂಟು ಅಧಿನಿಯಮ ಇನ್ನೂ ಬಿಗಿ. ಅದರ 3ನೆಯ ಪ್ರಕರಣದಂತೆ, ತಿಳಿದ ಪದಾರ್ಥದ ಹೊಸ ಉಪಯೋಗವಾಗಲಿ, ತಿಳಿದ ಯಂತ್ರೋಪಕರಣದ ಬರಿಯ ಬಳಕೆಯಾಗಲಿ ಆವಿಷ್ಕಾರವೆನಿಸದು. ಮನುಷ್ಯರ ಚಿಕಿತ್ಸಾ ವಿಧಾನಕ್ಕೂ ಪೇಟೆಂಟಿಲ್ಲ.

ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ? ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಸಾಯುವ ತಾಯಂದಿರನ್ನು ನೆನೆಯೋಣ. ಢಾಕಾದ ವೈದ್ಯೆ ಸಯೆಬಾ ಅಖ್ತರ್ ಅವರು ಮೂತ್ರನಳಿಕೆಯಾದ ಕ್ಯಾಥೆಟರಿನ ತುದಿಗೆ ಕಾಂಡೋಮ್ ಕಟ್ಟಿ, ಗರ್ಭಕೋಶದೊಳಗಿರಿಸಿ, ಲವಣಜಲ ತುಂಬಿದರು. ಉಬ್ಬಿದ ಚೀಲ ಒಳಗಿನಿಂದ ಒತ್ತಿ ರಕ್ತವನ್ನು ತಡೆಯಿತು. 2003ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ 23 ಮಂದಿ ತಾಯಂದಿರಿದ್ದರು. ಎಲ್ಲರ ರಕ್ತಸ್ರಾವವೂ 15 ನಿಮಿಷಗಳೊಳಗೆ ನಿಂತಿತ್ತು. ನಳಿಕೆಯೂ ಹಳೆಯದು, ಚೀಲವೂ ಹಳೆಯದು, ಹೊಸದು ಬುದ್ಧಿ. ಪ್ರಕಟವಾದ ಮೇಲೆ ಅದು ಎಲ್ಲರ ಸೊತ್ತಾಯಿತು. ಪ್ರತಿಯೊಂದು ಹೊಸ ಬಳಕೆಗೂ ಒಡೆಯನೊಬ್ಬನಿದ್ದರೆ, ರಕ್ತ ಹರಿಯುತ್ತಿರುವಾಗ ಹಳ್ಳಿಯ ದಾದಿ ಯಾರ ಅಪ್ಪಣೆ ಕೇಳಬೇಕಾಗಿತ್ತು?

ಇನ್ನೊಂದು ಪಕ್ಷವನ್ನೂ ಮರೆಯಬಾರದು. ಹಳೆಯ ಉಪಕರಣದ ಹೊಸ ಗುಣವನ್ನು ವರ್ಷಗಟ್ಟಲೆ ಪರೀಕ್ಷಿಸಿ ಕಂಡವರ ಶ್ರಮ ಸಣ್ಣದಲ್ಲ. ಅವರಿಗೆ ಗೌರವ ಬೇಕು, ಸಂಶೋಧನೆಗೆ ಧನಸಹಾಯ ಬೇಕು. ಅದನ್ನು ಸಮಾಜ ಬೇರೆ ದಾರಿಯಿಂದ ಸಲ್ಲಿಸಲಿ. ಸೂಜಿಯನ್ನು ಸುಧಾರಿಸಿದವನಿಗೆ ಪೇಟೆಂಟು ದೊರೆಯಲಿ. ಮುಳ್ಳು ತೆಗೆಯುವ ಕೈಯನ್ನು ಮಾತ್ರ ಯಾರೂ ಕಟ್ಟಿಹಾಕದಿರಲಿ.